ಶನಿವಾರದ ಬಾಳೆಹಣ್ಣು

ನಮ್ಮ ಕ್ವಾರ್ಟರ್ಸಿಗೆ ಯಾರಾದರೂ ಹೊಸದಾಗಿ ಬಂದರೆ ಪಕ್ಕದ ಮನೆಯವರು ಚಹಾ ಕೊಡುವ ಮೊದಲೇ ಒಂದು ಮಾತು ಹೇಳುತ್ತಾರೆ: "ಬಾಲ್ಕನಿ ಬಾಗಿಲಿಗೆ ಚಿಲಕ ಹಾಕಿಟ್ಟುಕೊಳ್ಳಿ." ಚಾಣಕ್ಯಪುರಿ ಎಂದರೆ ಹೊರಗಿನವರಿಗೆ ರಾಯಭಾರ ಕಚೇರಿಗಳು, ಅಗಲವಾದ ರಸ್ತೆಗಳು, ಶಾಂತಿಪಥದ ಹುಲ್ಲುಹಾಸು. ದೆಹಲಿಯ ಕನ್ನಡಿಗರಿಗೆ ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. ಇಲ್ಲೇ ವಾಸ ಮಾಡುವವರಿಗೆ ಮಾತ್ರ ಇದು ಮಂಗಗಳ ಊರು. ಸರ್ದಾರ್ ಪಟೇಲ್ ಮಾರ್ಗದ ಈಚೆಗೆ ನಾವು, ಆಚೆಗೆ ರಿಡ್ಜ್ ಕಾಡು. ನಡುವೆ ಒಂದು ರಸ್ತೆ. ಅದನ್ನು ಗಡಿ ಎಂದು ಮಂಗಕ್ಕೆ ಹೇಳುವವರು ಯಾರು?

ನನ್ನ ಯಜಮಾನರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದಾರೆ. ನಾನು ಗುರುಗ್ರಾಮದ ಒಂದು ಸಾಫ್ಟ್‌ವೇರ್ ಕಂಪನಿಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಕ್ಲೈಂಟ್ ಕಾಲ್ ನಡೆಯುವಾಗ ಕಿಟಕಿಯ ಜಾಲರಿ ಅಲುಗಿದರೆ ನನ್ನ ತಂಡದವರು ಯಾರೂ ಏನೆಂದು ಕೇಳುವುದಿಲ್ಲ, ಅಷ್ಟು ರೂಢಿಯಾಗಿದೆ. ಒಗೆದು ಹಾಕಿದ ಬಟ್ಟೆ ಎದುರಿನ ಬೇವಿನ ಮರದ ಮೇಲೆ ಸಿಗುತ್ತದೆ. ನೀರಿನ ಟ್ಯಾಂಕಿನ ಮುಚ್ಚಳಕ್ಕೆ ತಂತಿ ಬಿಗಿದಿದ್ದೇವೆ. ಇವೆಲ್ಲ ದೆಹಲಿಯ ಚಳಿ, ದೆಹಲಿಯ ಹೊಗೆಯ ಹಾಗೆ ಒಂದು ಬಗೆಯ ಹವಾಮಾನ ಎಂದುಕೊಂಡು ಬದುಕುತ್ತಿದ್ದೆ, ಹೋದ ವರ್ಷ ಡಿಸೆಂಬರಿನವರೆಗೆ.

ಡಿಸೆಂಬರಿನಲ್ಲಿ ಧಾರವಾಡದಿಂದ ಅವ್ವ ಬಂದಳು. ಅವಳದು ಶನಿವಾರ ಒಪ್ಪತ್ತು. ಊರಲ್ಲಿ ಹನುಮಪ್ಪನ ಗುಡಿಗೆ ಹೋಗಿ ಬರುವಾಗ ದಾರಿಯ ಮಂಗಗಳಿಗೆ ಬಾಳೆಹಣ್ಣು ಹಾಕದೆ ಮನೆಗೆ ಬಂದವಳಲ್ಲ. ಇಲ್ಲಿ ಮಂಗಗಳೇ ಬಾಲ್ಕನಿಗೆ ಬರುತ್ತವೆ ಎಂದರೆ ಅವಳಿಗೆ ದೇವರೇ ಮನೆ ಹುಡುಕಿಕೊಂಡು ಬಂದಷ್ಟು ಖುಷಿ. ನಾನು "ಹಾಕಬ್ಯಾಡ ಅವ್ವಾ" ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ, ಮೀಟಿಂಗ್ ಇತ್ತು.

ಮೂರನೆಯ ಶನಿವಾರ ಅವ್ವ ಬಾಲ್ಕನಿಯಲ್ಲಿ ಹಣ್ಣು ಇಡುತ್ತಿದ್ದಾಗ ಏಳು ವರ್ಷದ ನನ್ನ ಮಗ ಹಣ್ಣಿನ ಚೀಲ ಹಿಡಿದು ಹಿಂದೆ ನಿಂತಿದ್ದ. ಮರಿಯನ್ನು ಹೊಟ್ಟೆಗೆ ಕಚ್ಚಿಕೊಂಡ ಒಂದು ಹೆಣ್ಣು ಮಂಗ ಕಂಬಿ ಹತ್ತಿ ಬಂತು. ಅವನು ಬಾಯಿ ತೆರೆದುಕೊಂಡು ಅದರ ಕಣ್ಣನ್ನೇ ನೋಡುತ್ತ ನಿಂತ. ಮುಂದಿನದು ಎರಡು ಸೆಕೆಂಡಿನಲ್ಲಿ ಮುಗಿಯಿತು. ಚೀಲ ಹೋಯಿತು, ಮೀನಖಂಡದಲ್ಲಿ ಹಲ್ಲಿನ ಎರಡು ತೂತು ಉಳಿದವು, ರಕ್ತ.

ಗಾಯವನ್ನು ನಲ್ಲಿಯ ಕೆಳಗೆ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು ಎಂಬುದು ನನಗೆ ಹೇಗೋ ನೆನಪಿತ್ತು. ತೊಳೆದೆವು. ಆಸ್ಪತ್ರೆಯೊಂದಕ್ಕೆ ಓಡಿದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರು, "ನಾಯಿ ಅಲ್ಲವಲ್ಲ, ಮಂಗ ತಾನೆ? ಟಿಟಿ ಹಾಕಿದರೆ ಸಾಕು" ಎಂದ. ನಾವು ಪಟ್ಟು ಹಿಡಿದು ಕೂತೆವು. ಹಿರಿಯ ಡಾಕ್ಟರು ಬಂದು ನೋಡಿ, ಚರ್ಮ ತೂತಾಗಿ ರಕ್ತ ಬಂದಿದ್ದರೆ ಅದು ಮೂರನೆಯ ದರ್ಜೆಯ ಗಾಯ, ಕಚ್ಚಿದ್ದು ನಾಯಿಯಾದರೂ ಮಂಗವಾದರೂ ರೇಬಿಸ್ ಲಸಿಕೆ ಬೇಕೇ ಬೇಕು ಎಂದರು. ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಚುಚ್ಚಿದರು. ಆ ದಿನ ಒಂದು ಲಸಿಕೆ, ಆಮೇಲೆ 3, 7, 14, 28ನೇ ದಿನಕ್ಕೆ ಒಂದೊಂದು. ಮಂಗಗಳಲ್ಲಿ ರೇಬಿಸ್ ಅಪರೂಪವೇ. ಆದರೆ ಒಮ್ಮೆ ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ, ಆದ್ದರಿಂದ ಇಲ್ಲಿ ಅಪರೂಪ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಇದನ್ನು ಓದುತ್ತಿರುವ ದೆಹಲಿಯವರು, ಮಥುರೆ ವೃಂದಾವನಕ್ಕೆ ಹೋಗುವವರು ಇಷ್ಟನ್ನು ನೆನಪಿಡಿ.

ಆ ರಾತ್ರಿ ಅವ್ವನಿಗೆ ನಾನು ಆಡಬಾರದ ಮಾತು ಆಡಿದೆ. "ನಿನ್ನ ಪುಣ್ಯಾ ನನ್ನ ಮಗನ ಕಾಲಿಗೆ ಬಂತು." ಅವಳು ಉತ್ತರ ಕೊಡಲಿಲ್ಲ. ದೇವರ ಗೂಡಿನ ಮುಂದೆ ಕೂತಳು, ಊಟ ಮಾಡಲಿಲ್ಲ. ಮಲಗುವ ಮುಂಚೆ ಒಂದೇ ಮಾತು ಹೇಳಿದಳು: "ನಮ್ಮ ಊರಾಗಿನ ಮಂಗ್ಯಾ ಹಿಂಗ ಮಾಡೂದಿಲ್ಲವಾ. ಇವು ಬ್ಯಾರೇನ ಅದಾವು."

ಮುದುಕಿ ತನ್ನ ತಪ್ಪು ಮುಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ನಿದ್ದೆ ಬರದೆ ಲ್ಯಾಪ್‌ಟಾಪ್ ತೆರೆದು ಕೂತಾಗ ಗೊತ್ತಾಯಿತು, ಅವಳು ಹೇಳಿದ್ದು ಅಕ್ಷರಶಃ ನಿಜ. ಇವು ಬೇರೆಯೇ.

ದೆಹಲಿಯ ಈ ಕೆಂಪು ಮುಖದ ಮಂಗ ರೀಸಸ್. ನಮ್ಮ ರಕ್ತದ ಗುಂಪಿನ ಪಾಸಿಟಿವ್, ನೆಗೆಟಿವ್ ಎಂಬುದರ ಹಿಂದೆ ಇರುವ 'ಆರ್‌ಎಚ್' ಇದರದೇ ಹೆಸರು. ಲ್ಯಾಂಡ್‌ಸ್ಟೈನರ್ ಮತ್ತು ವೀನರ್ 1940ರಲ್ಲಿ ಆ ಅಂಶವನ್ನು ಗುರುತಿಸಿದ್ದು ರೀಸಸ್ ರಕ್ತ ಬಳಸಿ ಮಾಡಿದ ಪ್ರಯೋಗದಿಂದ. ಪೋಲಿಯೋ ಲಸಿಕೆಯ ಕಾಲದಲ್ಲಿ ಭಾರತ ಇವನ್ನು ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ರಫ್ತು ಮಾಡುತ್ತಿತ್ತು, ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ಅದನ್ನು ನಿಲ್ಲಿಸಿತು. ಅಫ್ಘಾನಿಸ್ತಾನದಿಂದ ಚೀನಾದವರೆಗೆ ಹರಡಿರುವ ಪ್ರಾಣಿ ಇದು. ಮನುಷ್ಯನನ್ನು ಬಿಟ್ಟರೆ ಇಷ್ಟು ದೊಡ್ಡ ಸೀಮೆ ಬೇರೆ ಯಾವ ಪ್ರೈಮೇಟಿಗೂ ಇಲ್ಲ. ಬಿಸಿಲು, ಹಿಮ, ಕಾಡು, ರೈಲ್ವೆ ಸ್ಟೇಷನ್, ಸಚಿವಾಲಯ, ಎಲ್ಲಿ ಬಿಟ್ಟರೂ ಬದುಕುತ್ತದೆ. ಕೆನ್ನೆಯೊಳಗೆ ಚೀಲವಿದೆ. ಸಿಕ್ಕಿದ್ದನ್ನು ಅಲ್ಲಿ ತುಂಬಿಕೊಂಡು ಓಡಿ, ಆಮೇಲೆ ಸಾವಕಾಶ ಕೂತು ತಿನ್ನುತ್ತದೆ. ಕಳ್ಳತನಕ್ಕೇ ಮಾಡಿಸಿದಂಥ ಮೈಕಟ್ಟು.

ಧಾರವಾಡದ ಅವ್ವನ ಮಂಗ್ಯಾ ಇನ್ನೊಂದು. ಕಪ್ಪು ಮುಖ, ಬೂದು ಮೈ, ಉದ್ದ ಬಾಲ. ಮಲೆನಾಡಿನವರು ಮುಸಿಯ, ಮುಸುವ ಎನ್ನುತ್ತಾರೆ, ಇಂಗ್ಲಿಷಿನವರ ಹನುಮಾನ್ ಲಂಗೂರ್. ಲಂಕೆಗೆ ಬೆಂಕಿ ಹಚ್ಚುವಾಗ ಮುಖ, ಕೈಕಾಲು ಸುಟ್ಟು ಕಪ್ಪಾದವು ಎಂಬ ಕತೆ ಇದರದೇ. ರೀಸಸ್ಸೂ ಇದೂ ಒಂದೇ ಕುಟುಂಬ, ಆದರೆ ಆ ಮನೆಯ ಎರಡು ಕವಲು ಒಡೆದು ಒಂದೂವರೆ ಕೋಟಿ ವರ್ಷಕ್ಕೂ ಹೆಚ್ಚಾಯಿತು. ಮುಸಿಯಕ್ಕೆ ಕೆನ್ನೆಚೀಲವಿಲ್ಲ. ಬದಲಿಗೆ ಹಸುವಿನ ಹಾಗೆ ಹಲವು ಕೋಣೆಗಳ ಹೊಟ್ಟೆಯಿದೆ, ಅದರಲ್ಲಿ ಬ್ಯಾಕ್ಟೀರಿಯಾಗಳು ಎಲೆಯನ್ನು ಹುಳಿ ಹಿಡಿಸಿ ಕರಗಿಸುತ್ತವೆ. ನಮ್ಮ ಹಿತ್ತಲಿನ ಹುಣಸೆಮರದಲ್ಲಿ ಅವು ತಾಸುಗಟ್ಟಲೆ ಸುಮ್ಮನೆ ಕೂತಿರುತ್ತಿದ್ದುದನ್ನು ನೋಡಿ ಸೋಮಾರಿಗಳು ಎಂದುಕೊಳ್ಳುತ್ತಿದ್ದೆ. ಪಾಪ, ಅವು ಎಲೆ ಅರಗಿಸಿಕೊಳ್ಳುತ್ತಿದ್ದವು. ಎಲೆ ತಿನ್ನುವ ಪ್ರಾಣಿಗೆ ನಿಮ್ಮ ಚೀಲ ಕಸಿಯುವ ಅವಸರ ಕಡಿಮೆ. ಕಸಿಯುವುದೇ ಇಲ್ಲ ಎಂದಲ್ಲ, ನಾವು ಕಲಿಸಿದರೆ ಅವೂ ಕಲಿಯುತ್ತವೆ.

ಇನ್ನೂ ಒಂದು ಇದೆ. ಚಾಮುಂಡಿ ಬೆಟ್ಟ, ನಂದಿ ಬೆಟ್ಟ, ಬೆಂಗಳೂರು–ಮೈಸೂರು ರಸ್ತೆಯಲ್ಲಿ ನೀವು ನೋಡಿರುವ, ತಲೆಯ ಮೇಲೆ ನಡು ಬೈತಲೆ ತೆಗೆದು ಟೋಪಿ ಇಟ್ಟಂತಿರುವ ಮಂಗ ರೀಸಸ್ಸೂ ಅಲ್ಲ, ಮುಸಿಯವೂ ಅಲ್ಲ. ಅದು ಬಾನೆಟ್ ಮಂಗ, ದಕ್ಷಿಣ ಭಾರತವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ರೀಸಸ್‌ನ ಹತ್ತಿರದ ದಾಯಾದಿ, ಸ್ವಭಾವ ಮಾತ್ರ ಬೇರೆ. ಈ ಜಾತಿಯ ಮಂಗಗಳ ಸಮಾಜಗಳನ್ನು ವಿಜ್ಞಾನಿಗಳು ಸಹನೆಯ ಲೆಕ್ಕದಲ್ಲಿ ನಾಲ್ಕು ಮೆಟ್ಟಿಲಾಗಿ ವಿಂಗಡಿಸಿದ್ದಾರೆ. ಅತ್ಯಂತ ಕಟ್ಟುನಿಟ್ಟಿನ ಮೊದಲ ಮೆಟ್ಟಿಲಲ್ಲಿ ರೀಸಸ್ ಇದ್ದರೆ, ಬಾನೆಟ್ ಮೂರನೆಯದರಲ್ಲಿದೆ.

ರೀಸಸ್ ಗುಂಪು ಎಂದರೆ ಅವಿಭಕ್ತ ಕುಟುಂಬ, ಅದೂ ಹೆಂಗಸರದು. ಗಂಡು ಪ್ರಾಯಕ್ಕೆ ಬಂದ ಮೇಲೆ ಬೇರೆ ಗುಂಪಿಗೆ ಹೋಗುತ್ತದೆ, ಹೆಣ್ಣು ಸಾಯುವ ತನಕ ತವರಿನಲ್ಲೇ. ತಾಯಿಯ ಸ್ಥಾನ ಮಗಳಿಗೆ ಬರುತ್ತದೆ. ಅಕ್ಕತಂಗಿಯರಲ್ಲಿ ಕೊನೆಯವಳಿಗೇ ಮೇಲಿನ ಸ್ಥಾನ! (ನನ್ನ ತಂಗಿಗೆ ಇದನ್ನು ಹೇಳಬಾರದಿತ್ತು.) ಯಾರು ಯಾರನ್ನು ದಿಟ್ಟಿಸಿ ನೋಡಬಹುದು, ಯಾರು ಕಣ್ಣು ತಗ್ಗಿಸಬೇಕು ಎಂಬುದಕ್ಕೆಲ್ಲ ಅಲ್ಲಿ ಕಾಯಿದೆಯಿದೆ. ಬಾಯಿ ತೆರೆದು ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ 'ಬಾ, ಒಂದು ಕೈ ನೋಡೇಬಿಡೋಣ' ಎಂದರ್ಥ. ನನ್ನ ಮಗ ಬೆರಗಿನಿಂದ ಮಾಡಿದ್ದು ಅದನ್ನೇ. ಕೈಯಲ್ಲಿ ಹಣ್ಣಿನ ಚೀಲ, ಮುಖದಲ್ಲಿ ಯುದ್ಧದ ಸವಾಲು, ಎದುರಿಗೆ ಮರಿ ಇರುವ ತಾಯಿ. ಅದರ ಭಾಷೆಯಲ್ಲಿ ಅದು ಕೊಟ್ಟದ್ದು ಸರಿಯಾದ ಉತ್ತರವೇ.

ಹೀಗೆ ಓದುತ್ತ ಹೋದವಳಿಗೆ ರಾತ್ರಿ ಎರಡು ಗಂಟೆಗೆ ಪರದೆಯ ಮೇಲೆ ನಮ್ಮ ಊರಿನ ಹೆಸರು ಕಂಡಿತು. 'ಧಾರ್ವಾರ್'. ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ.

ಯುಕಿಮಾರು ಸುಗಿಯಾಮ ಎಂಬ ಜಪಾನಿನ ವಿಜ್ಞಾನಿ 1961ರಿಂದ ಎರಡು ವರ್ಷದ ಮಟ್ಟಿಗೆ ಧಾರವಾಡದ ಸುತ್ತಲಿನ ಕಾಡು, ರಸ್ತೆಬದಿಗಳಲ್ಲಿ ಮುಸಿಯಗಳ ಹಿಂದೆ ತಿರುಗಿದರು. ಯೋಶಿಬಾ, ಪಾರ್ಥಸಾರಥಿ ಜೊತೆಗಿದ್ದರು. ಆ ಕಾಲಕ್ಕೆ ಮುಸಿಯಗಳ ಬಗ್ಗೆ ಇದ್ದ ಚಿತ್ರ ಸಾಧುಪ್ರಾಣಿಗಳದು. ಸ್ವಲ್ಪ ಮುಂಚೆ ಉತ್ತರ ಭಾರತದಲ್ಲಿ ಅಧ್ಯಯನ ಮಾಡಿದ್ದ ಅಮೆರಿಕದ ಫಿಲಿಸ್ ಜೇ ಶಾಂತವಾದ, ಹೊಂದಿಕೊಂಡು ಬಾಳುವ ಗುಂಪುಗಳನ್ನು ಕಂಡಿದ್ದರು. ಸುಗಿಯಾಮ ಧಾರವಾಡದಲ್ಲಿ 1962ರಲ್ಲಿ ಕಂಡದ್ದು ಬೇರೆ. ಅಲ್ಲಿನ ಬಹುತೇಕ ಗುಂಪುಗಳಲ್ಲಿ ಹಲವು ಹೆಣ್ಣು, ಒಂದೇ ಗಡವ. ಉಳಿದ ಗಂಡುಗಳದು ಹೊರಗೆ ಅಲೆಯುವ ಬೇರೆ ತಂಡ. ಅಂಥ ಒಂದು ತಂಡ ಒಂದು ಗುಂಪಿನ ಮೇಲೆ ಬಿದ್ದು, ಹಳೆಯ ಗಡವನನ್ನು ಓಡಿಸಿತು. ಆಮೇಲೆ ಗೆದ್ದವರಲ್ಲೇ ಒಬ್ಬ ಉಳಿದವರನ್ನೆಲ್ಲ ಓಡಿಸಿ ಗುಂಪನ್ನು ಹಿಡಿದ. ಹಿಡಿದ ಮೇಲೆ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದ. ಮರಿ ಕಳೆದುಕೊಂಡ ತಾಯಂದಿರು ಸ್ವಲ್ಪ ದಿನದಲ್ಲೇ ಬೆದೆಗೆ ಬಂದು ಅವನ ಜೊತೆಗೇ ಕೂಡಿದರು.

ಇದನ್ನು ಸುಗಿಯಾಮ 1965ರಲ್ಲಿ ಪ್ರಕಟಿಸಿದಾಗ ನಂಬಿದವರಿಗಿಂತ ಅನುಮಾನಿಸಿದವರೇ ಹೆಚ್ಚು. ಊರ ಹತ್ತಿರ ಗದ್ದಲ, ಇಕ್ಕಟ್ಟು, ಅದಕ್ಕೆ ಬುದ್ಧಿ ಕೆಟ್ಟಿದೆ ಎಂಬ ಸಮಾಧಾನ ಹೇಳಿಕೊಂಡವರಿದ್ದರು. 1971ರಿಂದ ರಾಜಸ್ಥಾನದ ಅಬು ಬೆಟ್ಟದಲ್ಲಿ ಕೆಲಸ ಮಾಡಿದ ಸಾರಾ ಹರ್ಡಿ ಎಂಬಾಕೆ ಈ ಎಳೆಯನ್ನು ಹಿಡಿದು ಮುಂದೆ ಹೋದರು. ಗುಂಪಿನ ಮೇಲೆ ಗಡವನ ಹಿಡಿತ ಇರುವುದು ಕೆಲವೇ ವರ್ಷ. ಹಾಲು ಕುಡಿಯುವ ಮರಿ ಇರುವ ತನಕ ಹೆಣ್ಣು ಮತ್ತೆ ಬೆದೆಗೆ ಬರುವುದಿಲ್ಲ. ಬೇರೆಯವನ ಮರಿಯನ್ನು ಕೊಂದರೆ ತನ್ನ ಮರಿ ಬೇಗ ಹುಟ್ಟುತ್ತದೆ. ಇದು ಹುಚ್ಚಲ್ಲ, ಲೆಕ್ಕ ಎಂದರು ಹರ್ಡಿ. ಹೆಣ್ಣುಗಳೂ ಸುಮ್ಮನೆ ಕೂರುವುದಿಲ್ಲ. ಒಟ್ಟಾಗಿ ಮರಿಗೆ ಅಡ್ಡ ನಿಲ್ಲುತ್ತವೆ, ಹೊರಗಿನ ಗಂಡುಗಳ ಜೊತೆಗೂ ಕೂಡಿ ತಂದೆ ಯಾರೆಂಬುದನ್ನೇ ಗೊಂದಲಕ್ಕೆ ಹಾಕುತ್ತವೆ. ಅವರ 1977ರ ಪುಸ್ತಕದ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಸಿಂಹಗಳಲ್ಲಿ, ಇನ್ನೂ ಹಲವು ಪ್ರಾಣಿಗಳಲ್ಲಿ ಅದನ್ನೇ ಕಂಡ ಮೇಲೆ ಜಗಳ ತಣ್ಣಗಾಯಿತು. ಈಗ ಪ್ರಾಣಿಗಳ ವರ್ತನೆಯ ಪಠ್ಯಪುಸ್ತಕದಲ್ಲಿ ಈ ಅಧ್ಯಾಯ ಬಂದರೆ ಧಾರವಾಡದ ಹೆಸರೂ ಬರುತ್ತದೆ.

ನಾನು ಧಾರವಾಡದಲ್ಲೇ ಹುಟ್ಟಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಎಂಸಿಎ ಮಾಡಿದವಳು. ಪೇಡೆ, ಬೇಂದ್ರೆ, ಮಳೆ, ಸಂಗೀತ ಎಂದು ಊರಿನ ಬಗ್ಗೆ ಇಪ್ಪತ್ತು ವರ್ಷ ಭಾಷಣ ಮಾಡಿದ್ದೇನೆ. ಕ್ಯಾಂಪಸ್ಸಿನ ಮರಗಳಲ್ಲಿ ಕೂತಿರುತ್ತಿದ್ದ ಈ ಪ್ರಾಣಿಗಳು ಜಗತ್ತಿನ ವಿಜ್ಞಾನವನ್ನು ಅಲುಗಾಡಿಸಿದವು ಎಂದು ಒಬ್ಬರೂ ಹೇಳಿರಲಿಲ್ಲ.

ಮರುದಿನ ಅವ್ವನಿಗೆ ಚಹಾ ಕೊಟ್ಟು, ಕ್ಷಮೆ ಕೇಳುವ ಬದಲು ಈ ಕತೆ ಹೇಳಿದೆ. ನಮ್ಮ ಮನೆಯಲ್ಲಿ ಕ್ಷಮೆ ಕೇಳುವ ರೂಢಿಯಿಲ್ಲ. ಅವಳು ಕೇಳಿಸಿಕೊಂಡು, ಬಹಳ ಹೊತ್ತಿನ ಮೇಲೆ ಅಂದಳು: "ಕೊಂದದ್ದು ನೋಡಿಲ್ಲ. ಆದ್ರ ನಾ ಸಣ್ಣಾಕಿ ಇದ್ದಾಗ ಒಂದ ಮಂಗ್ಯಾ ಸತ್ತ ಮರೀನ ಎದಿಗೆ ಅವಚಿಕೊಂಡು ಮೂರ ದಿನಾ ನಮ್ಮ ಹುಣಸಿ ಗಿಡದಾಗ ಕುಂತಿತ್ತು. ನಮ್ಮವ್ವ ಅದಕ್ಕ ರೊಟ್ಟಿ ಇಟ್ಟರ ಮುಟ್ಟಲಿಲ್ಲ." ಸತ್ತ ಮರಿಯನ್ನು ತಾಯಿ ದಿನಗಟ್ಟಲೆ ಹೊತ್ತು ತಿರುಗುವುದನ್ನು ಮುಸಿಯ, ರೀಸಸ್ ಎರಡರಲ್ಲೂ ವಿಜ್ಞಾನಿಗಳು ದಾಖಲಿಸಿದ್ದಾರೆ. ಅವ್ವ ಇನ್ನೊಂದು ಹೇಳಿದಳು. ಮುಸಿಯದ ಹೊಸ ಕೂಸು ಕರ್ರಗೆ ಇರುತ್ತದೆ, ಹುಟ್ಟಿದ ದಿನದಿಂದಲೇ ಹೆಂಗಸರೆಲ್ಲ ಕೈಯಿಂದ ಕೈಗೆ ಎತ್ತಿಕೊಳ್ಳುತ್ತಾರೆ, ತೊಟ್ಟಿಲ ಶಾಸ್ತ್ರದ ಹಾಗೆ. "ನಿಮ್ಮ ದಿಲ್ಲಿ ಮಂಗ್ಯಾ ಹಂಗ ಕೊಡೂದಿಲ್ಲ ನೋಡು, ತನ್ನ ಕೂಸು ತಾನ ಹಿಡ್ಕೊಂಡಿರತದ." ಇದೂ ಪುಸ್ತಕದಲ್ಲಿರುವುದೇ. ರೀಸಸ್ ತಾಯಿ ಎಳೆ ಮರಿಯನ್ನು ಸುಲಭಕ್ಕೆ ಬೇರೆಯವರ ಕೈಗೆ ಬಿಡುವುದಿಲ್ಲ. ಮೂರು ಶನಿವಾರ ಬಾಲ್ಕನಿಯಲ್ಲಿ ಕೂತು ಅವಳು ಇದನ್ನು ನೋಡಿಕೊಂಡಿದ್ದಳು. ಹದಿಮೂರು ವರ್ಷದಿಂದ ಇಲ್ಲಿರುವ ನಾನು ಚಿಲಕ ಮಾತ್ರ ನೋಡಿದ್ದೆ.

ದೆಹಲಿಯ ಆಡಳಿತ ನೋಡಿದ್ದೂ ಹೆಚ್ಚೇನಿಲ್ಲ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ಲಂಗೂರ್‌ವಾಲಾಗಳು ಇನ್ನೂ ಇದ್ದರು. ಸೈಕಲ್ಲಿನ ಹಿಂದೆ ಹಗ್ಗ ಕಟ್ಟಿದ ಮುಸಿಯವನ್ನು ಕೂರಿಸಿಕೊಂಡು ಸರ್ಕಾರಿ ಕಟ್ಟಡ, ಬಂಗಲೆಗಳ ಸುತ್ತ ತಿರುಗುತ್ತಿದ್ದರು. ಅದನ್ನು ಕಂಡರೆ ಕೆಂಪು ಮಂಗಗಳು ಓಡುತ್ತವೆ ಎಂಬುದು ಲೆಕ್ಕ. ಓಡುತ್ತಿದ್ದವು, ನಿಜ. ಗಂಡು ಮುಸಿಯ ರೀಸಸ್‌ಗಿಂತ ಎಷ್ಟೋ ದೊಡ್ಡದು. ಆದರೆ ಉತ್ತರದ ಕಾಡುಗಳಲ್ಲಿ ಇವೆರಡೂ ಒಂದೇ ಮರದಲ್ಲಿ ಮೇಯುತ್ತವೆ, ಹುಟ್ಟು ವೈರವೇನಿಲ್ಲ. ಹಗ್ಗ ಹಿಡಿದವನ ಕೈಯ ಕೋಲಿಗೆ ಅವು ಹೆಚ್ಚು ಹೆದರುತ್ತಿದ್ದವೇನೋ ಎಂದು ನನ್ನ ಅನುಮಾನ. ಲಂಗೂರ್ ಆಚೆ ಬೀದಿಗೆ ಹೋದರೆ ಇವು ಈಚೆ ಬೀದಿಗೆ ವಾಪಸ್. ಮುಸಿಯ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ, ಕಟ್ಟಿ ದುಡಿಸುವಂತಿಲ್ಲ ಎಂದು ಪರಿಸರ ಸಚಿವಾಲಯ 2012ರಲ್ಲಿ ನೆನಪಿಸಿದ ಮೇಲೆ ಅದು ನಿಂತಿತು.

ಮುಂದಿನದು ನಗು ತರಿಸುತ್ತದೆ. ಲಂಗೂರ್ ಇಲ್ಲವಾದರೆ ಲಂಗೂರ್ ದನಿ. ಮಂಗ ಓಡಿಸಲು ತರಬೇತಾದ 40 ಯುವಕರನ್ನು ನೇಮಿಸಿರುವುದಾಗಿ ಆಗಿನ ನಗರಾಭಿವೃದ್ಧಿ ಸಚಿವ ವೆಂಕಯ್ಯ ನಾಯ್ಡು 2014ರಲ್ಲಿ ರಾಜ್ಯಸಭೆಗೆ ತಿಳಿಸಿದರು. 2023ರ ಸೆಪ್ಟೆಂಬರಿನ ಜಿ20 ಸಮಾವೇಶಕ್ಕೆ ನಮ್ಮ ಸರ್ದಾರ್ ಪಟೇಲ್ ಮಾರ್ಗದ ಉದ್ದಕ್ಕೂ ಲಂಗೂರ್ ಕಟೌಟ್ ನಿಲ್ಲಿಸಿದರು. ಒಂದು ಕಟೌಟಿನ ಹತ್ತಿರ ರೀಸಸ್ ಮರಿಗಳು ಆಡುತ್ತಿದ್ದುದನ್ನು ಆ ವಾರ ಕಾರಿನಿಂದ ನಾನೇ ನೋಡಿದೆ. ಹಗ್ಗದ ಲಂಗೂರಿಗಿಂತ ಇದು ಮೇಲು ಎಂಬುದನ್ನೂ ಹೇಳಬೇಕು, ಕಟೌಟಿಗೆ ಹಸಿವಾಗುವುದಿಲ್ಲ.

ನಗು ತರಿಸದ ಭಾಗವೂ ಇದೆ. 2007ರಲ್ಲಿ ದೆಹಲಿ ಹೈಕೋರ್ಟ್ ಮಂಗಗಳನ್ನು ಹಿಡಿದು ದಕ್ಷಿಣದ ಅಸೋಲಾ ಭಟ್ಟಿ ಅಭಯಾರಣ್ಯಕ್ಕೆ ಸಾಗಿಸಲು ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ಉಪಮೇಯರ್ ಎಸ್. ಎಸ್. ಬಾಜ್ವಾ ಮನೆಯ ಮೇಲಿಂದ ಮಂಗಗಳನ್ನು ಓಡಿಸಲು ಹೋಗಿ ಬಿದ್ದು ತೀರಿಕೊಂಡರು. ಅಂದಿನಿಂದ ಸಾವಿರಾರು ಮಂಗಗಳು ಅಸೋಲಾಕ್ಕೆ ಹೋಗಿವೆ, ಅಲ್ಲಿ ಅವಕ್ಕೆ ಹಣ್ಣು ತರಕಾರಿಯನ್ನು ಸರ್ಕಾರವೇ ಪೂರೈಸುತ್ತದೆ. ನಮ್ಮ ಬೇವಿನ ಮರ ಮಾತ್ರ ಖಾಲಿಯಾಗಿಲ್ಲ. ತುಘಲಕಾಬಾದಿನ ರೀಸಸ್‌ಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಇಕ್ಬಾಲ್ ಮಲಿಕ್ ಇದರ ಕಾರಣವನ್ನು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಬೋನಿಗೆ ಸಿಕ್ಕಷ್ಟನ್ನು ಹಿಡಿದು ಉಳಿದವನ್ನು ಬಿಟ್ಟರೆ ಗುಂಪು ಒಡೆಯುತ್ತದೆ, ಒಂದು ಗುಂಪು ನಾಲ್ಕು ಗುಂಪಾಗಿ ಹೊಸ ಬೀದಿಗಳಿಗೆ ಹರಡುತ್ತದೆ, ಜಗಳ ಹೆಚ್ಚಾಗುತ್ತದೆ. ಮೇಲೆ ಹೇಳಿದ ತಾಯಿ-ಮಗಳ ಸ್ಥಾನಮಾನವನ್ನು ನೆನಪಿಸಿಕೊಳ್ಳಿ. ಹಿರಿಯಳನ್ನು ಎತ್ತಿಕೊಂಡು ಹೋದರೆ ಮನೆಯಲ್ಲಿ ಏನಾಗುತ್ತದೆ ಎಂದು ಅವಿಭಕ್ತ ಕುಟುಂಬದಿಂದ ಬಂದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಮಾಚಲ ಪ್ರದೇಶ 2007ರಿಂದ ಸಂತಾನಹರಣದ ದಾರಿ ಹಿಡಿದು ಒಂದೂವರೆ ಲಕ್ಷದ ಆಚೆಗೆ ಶಸ್ತ್ರಚಿಕಿತ್ಸೆ ಮಾಡಿದೆ. ನಿಧಾನದ ಕೆಲಸ, ಆದರೆ ಕಟೌಟಿಗಿಂತ ಅರ್ಥವಿದೆ. ಈಚಿನ ತಿದ್ದುಪಡಿಯಲ್ಲಿ ರೀಸಸ್ ವನ್ಯಜೀವಿ ಕಾಯಿದೆಯ ಪಟ್ಟಿಯಿಂದಲೇ ಹೊರಬಿದ್ದಿದೆ. ಇನ್ನು ಇದು ಅರಣ್ಯ ಇಲಾಖೆಯದೋ ಪಾಲಿಕೆಯದೋ ಎಂಬ ಎಳೆದಾಟ ನಡೆಯುತ್ತಲೇ ಇದೆ.

ಮತ್ತು ಮಂಗಳವಾರ, ಶನಿವಾರ ರಿಡ್ಜ್ ಅಂಚಿನಲ್ಲಿ ಕಾರುಗಳು ನಿಲ್ಲುತ್ತವೆ. ಡಿಕ್ಕಿ ತೆರೆದು ಡಜನ್‌ಗಟ್ಟಲೆ ಬಾಳೆಹಣ್ಣು, ಬ್ರೆಡ್ಡು, ಕಡಲೆ. ಉತ್ತರದವರಿಗೆ ಹನುಮಂತನ ದಿನ ಮಂಗಳವಾರ, ನಮಗೆ ಶನಿವಾರ, ದೆಹಲಿಯ ಮಂಗಕ್ಕೆ ಎರಡೂ. ರಿಡ್ಜ್‌ನಲ್ಲಿ ತುಂಬಿಕೊಂಡಿರುವುದು ಬಹುಪಾಲು ವಿಲಾಯತಿ ಕೀಕರ್ ಜಾಲಿ, ಹಣ್ಣಿನ ಮರ ಕಡಿಮೆ. ಕಾಡಿನೊಳಗೆ ಹುಡುಕುವುದಕ್ಕಿಂತ ರಸ್ತೆಗೆ ಬಂದು ಕೂರುವುದು ಲಾಭ ಎಂದು ತಿಳಿಯದಷ್ಟು ದಡ್ಡ ಪ್ರಾಣಿಯಲ್ಲ ಅದು. ಹೊಟ್ಟೆ ತುಂಬಿದ ಹೆಣ್ಣು ವರ್ಷಕ್ಕೊಂದು ಮರಿ ಹಾಕುತ್ತದೆ. ಕೈಯಲ್ಲಿ ಚೀಲ ಹಿಡಿದವರೆಲ್ಲ ತಮಗೇ ತಂದವರು ಎಂದು ಅದು ತಿಳಿದಿದ್ದರೆ, ಕಲಿಸಿದವರು ನಾವು. ನನ್ನ ಮಗನ ಕಾಲಿಗೆ ಬಿದ್ದ ಹಲ್ಲಿನ ಹಿಂದೆ ಅವ್ವನ ಮೂರು ಡಜನ್ ಹಣ್ಣಿಗಿಂತ ಈ ಕಾರುಗಳ ಹಣ್ಣು ಬಹಳ ದೊಡ್ಡದು. ಆ ರಾತ್ರಿ ನಾನು ಆಡಿದ ಮಾತು ಹಾಗಾಗಿ ಲೆಕ್ಕದಲ್ಲೂ ತಪ್ಪು.

ಇದೆಲ್ಲ ದೆಹಲಿಯ ತಲೆನೋವು, ನಮ್ಮ ಊರಿಗೇನು ಎನ್ನುವಂತಿಲ್ಲ. ರೀಸಸ್ ಉತ್ತರದ ಪ್ರಾಣಿ, ತಪತಿ–ಗೋದಾವರಿ ಅದರ ದಕ್ಷಿಣದ ಗಡಿ ಎಂದು ಮೊದಲು ಬರೆಯುತ್ತಿದ್ದರು. ಈಗ ಆ ಗಡಿ ದಾಟಿ ಕೆಳಗಿಳಿಯುತ್ತಿದೆ, ಬಾನೆಟ್ ಮಂಗವಿದ್ದ ಜಾಗಗಳನ್ನು ಹಿಡಿಯುತ್ತಿದೆ ಎಂದು 2011ರಲ್ಲೇ ನಮ್ಮ ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಇತ್ತ ಬಾನೆಟ್ ಮಂಗದ ಕತೆ ಇನ್ನೂ ಬೇಸರದ್ದು. ಮೈಸೂರು ಸೀಮೆಯ ರಸ್ತೆಬದಿಗಳಲ್ಲಿ ಅವನ್ನು ದಶಕಗಳಿಂದ ಎಣಿಸುತ್ತ ಬಂದವರು 2017ರಲ್ಲಿ ಲೆಕ್ಕ ಕೊಟ್ಟರು: 25 ವರ್ಷದಲ್ಲಿ ಶೇ. 65ಕ್ಕಿಂತ ಹೆಚ್ಚು ಕಡಿಮೆಯಾಗಿವೆ. ರಸ್ತೆ ಅಗಲ ಮಾಡಲು ಸಾಲುಮರದ ಆಲ, ಅತ್ತಿ ಹೋದವು, ಅವುಗಳ ಜೊತೆ ಮಂಗವೂ ಹೋಯಿತು. 'ಮಂಗಕ್ಕೇನು ಕೊರತೆ' ಎಂದು ನಾವೆಲ್ಲ ತಿಳಿದಿದ್ದ ಪ್ರಾಣಿ ಈಗ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಬೆಂಗಳೂರಿನಿಂದ ದೆಹಲಿಗೆ ಬಂದ ಸಹೋದ್ಯೋಗಿಯೊಬ್ಬರು, "ಎಲ್ಲ ಒಂದೇ ಕೋತಿ ಅಲ್ವಾ ಮೇಡಂ?" ಎಂದರು. ಕಾಣುವುದು ಹಾಗೆಯೇ. ದೆಹಲಿಯ ಸಿಟ್ಟನ್ನು ಮೈಸೂರಿನ ಮಂಗದ ಮೇಲೆ ತೀರಿಸಿಕೊಳ್ಳುವುದೂ ಹೀಗೆಯೇ ಶುರುವಾಗುತ್ತದೆ.

ಮಲೆನಾಡಿನವರು ಇನ್ನೊಂದು ಕಾರಣಕ್ಕೆ ಮಂಗಗಳನ್ನು ಗಮನಿಸುತ್ತಾರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಬಾನೆಟ್ ಎರಡೂ ಸಾಲಾಗಿ ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಉಣ್ಣೆಯಿಂದ ಹರಡುವ ಹೊಸ ವೈರಸ್. ಹೆಸರು ಮಾತ್ರ 'ಮಂಗನ ಕಾಯಿಲೆ'. ನಮ್ಮ ಹಾಗೆಯೇ ಉಣ್ಣೆ ಕಚ್ಚಿಸಿಕೊಂಡು ನಮಗಿಂತ ಮೊದಲು ಸತ್ತು ಎಚ್ಚರಿಸುವ ಪ್ರಾಣಿಯ ತಲೆಗೆ ಕಾಯಿಲೆಯ ಹೆಸರನ್ನೇ ಕಟ್ಟಿದ್ದೇವೆ.

ಮಗನ ಐದು ಸೂಜಿಗಳು ಮುಗಿಯುವ ತನಕ ಅವ್ವ ಊರಿಗೆ ಹೋಗಲಿಲ್ಲ. ಆ ತಿಂಗಳು ಅಜ್ಜಿ-ಮೊಮ್ಮಗ ಕೂತು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಕರ್ನಾಟಕದ ಮಂಗಗಳ ಚಿತ್ರ ಬರೆದರು. ಅಘನಾಶಿನಿ ಕಣಿವೆಯ ಸಿಂಗಳೀಕಕ್ಕೆ ಅವನು ಸಿಂಹದ ಮೀಸೆ ಬರೆದ. ರಾತ್ರಿ ಹುಳ ಹಿಡಿದು ತಿನ್ನುವ ದೊಡ್ಡ ಕಣ್ಣಿನ ಕಾಡುಪಾಪ ಬೆಂಗಳೂರಿನ ಐಐಎಸ್ಸಿ ಆವರಣದಲ್ಲೂ ಇದೆ ಎಂದಾಗ ಅಲ್ಲಿಗೆ ಹೋಗಲೇಬೇಕು ಎಂದು ಹಟ ಹಿಡಿದ. "ನಾವೂ ಇದೇ ಪಟ್ಟಿಗೆ ಬರುತ್ತೇವೆ" ಎಂದೆ. ಅದಕ್ಕೆ ಅವನಿಗೆ ಆಶ್ಚರ್ಯವಾಗಲಿಲ್ಲ, ಅವ್ವನಿಗೂ ಆಗಲಿಲ್ಲ. ಅವಳ ಆಂಜನೇಯ ಹೇಗೂ ಮನೆಯವನೇ.

ಅವನು ಕೇಳಿದ ಒಂದು ಪ್ರಶ್ನೆ ನನಗೂ ಹೊಸದು. "ಧಾರವಾಡದ ಲಂಗೂರಿಗೂ ಇಲ್ಲಿಯ ಲಂಗೂರಿಗೂ ವ್ಯತ್ಯಾಸ ಏನು?" ಇದೆ. ಹಿಂದೆ ಎಲ್ಲವನ್ನೂ ಒಂದೇ ಪ್ರಭೇದ ಎನ್ನುತ್ತಿದ್ದರು, ಆಮೇಲೆ ಏಳಾಗಿ ಒಡೆದರು, ಈಗ ಐಐಎಸ್ಸಿಯ ಪ್ರವೀಣ್ ಕಾರಂತರಂಥವರು ಡಿಎನ್‌ಎ ನೋಡಿ ಮತ್ತೆ ಅಚ್ಚುಕಟ್ಟು ಮಾಡುತ್ತಿದ್ದಾರೆ. ಸೂಕ್ಷ್ಮ ಬಿಡಿ, ದೂರದಿಂದಲೇ ಹೇಳಬಹುದಾದ ಗುರುತು ಒಂದಿದೆ. ನಡೆಯುವಾಗ ಉತ್ತರದ ಮುಸಿಯದ ಬಾಲ ಬೆನ್ನಿನ ಮೇಲೆ ತಲೆಯ ಕಡೆಗೆ ಬಾಗುತ್ತದೆ, ದಕ್ಷಿಣದ್ದರ ಬಾಲ ಹಿಂದಕ್ಕೆ ಬಾಗುತ್ತದೆ. ಅವ್ವ ಇದನ್ನು ನಂಬಲಿಲ್ಲ. ಅರವತ್ತು ವರ್ಷ ನೋಡಿದ್ದೇನೆ, ಬಾಲ ಬಾಲದ ಹಾಗೇ ಇರುತ್ತದೆ ಎಂದಳು.

ಜನವರಿಯ ಕೊನೆಗೆ ಊರಿಗೆ ಹೋದಳು. ಮುಂದಿನ ಶನಿವಾರ ಬೆಳಿಗ್ಗೆ ನಾನು ಕಾಲ್‌ನಲ್ಲಿದ್ದಾಗ ಫೋನ್ ಬಂತು. ಕಟ್ ಮಾಡಿದೆ, ಮತ್ತೆ ಬಂತು.

"ಹಿಂದಕ್ಕ ಐತಿ ನೋಡವಾ ಬಾಲ. ಗುಡಿ ಮುಂದ ಐದು ಕುಂತಾವು, ಎದ್ದು ನಡದಾಗ ಐದರದೂ ನೋಡೀನಿ."

"ಹಣ್ಣು ಹಾಕಿಲ್ಲ ತಾನೆ?"

ಆಚೆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

"ಹಣ್ಣ ಹಾಕಿಲ್ಲ," ಎಂದಳು. "ಎಲಿ ಹಾಕೀನಿ. ನುಗ್ಗಿ ಎಲಿ."